ಇಸೆಯಲ್ಲಿ ಮೊದಲು ಗೆಕೂ, ಆಮೇಲೆ ನೈಕೂ

ಜಪಾನಿನ ತೀರ್ಥಕ್ಷೇತ್ರ ಇಸೆಗೆ ಹೋದವರಲ್ಲಿ ಹಲವರು ನೇರವಾಗಿ ನೈಕೂಗೆ, ಅಂದರೆ ಒಳದೇಗುಲಕ್ಕೆ ಬಸ್ ಹತ್ತಿಬಿಡುತ್ತಾರೆ. ಹಳೆಯ ಪದ್ಧತಿಯಲ್ಲಿ ಮೊದಲು ಹೊರದೇಗುಲ ಗೆಕೂ. ನಾನು ಅದನ್ನೇ ಅನುಸರಿಸಿದೆ. ಇಸೆಶಿ ರೈಲು ನಿಲ್ದಾಣದಿಂದ ಗೆಕೂಗೆ ನಡೆದೇ ಹೋಗಬಹುದು.

ಗೆಕೂನಲ್ಲಿರುವುದು ಅನ್ನದ ದೇವತೆ ತೊಯೋಉಕೆ. ನೈಕೂನ ಸೂರ್ಯದೇವಿ ಅಮತೆರಾಸುಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೈವೇದ್ಯ ಆಗುವುದು ಇಲ್ಲಿಯೇ. ಅಕ್ಕಿ ದೇಗುಲದ ಸ್ವಂತ ಗದ್ದೆಯದು, ಉಪ್ಪು ಫುತಾಮಿಯಲ್ಲಿ ತಯಾರಾದದ್ದು. ನಮ್ಮಲ್ಲಿ ಯಜ್ಞಕ್ಕೆ ಅರಣಿ ಕಡೆಯುವಂತೆ, ಅಲ್ಲೂ ಅಡುಗೆಯ ಬೆಂಕಿಯನ್ನು ಮರಕ್ಕೆ ಮರ ಉಜ್ಜಿಯೇ ಹುಟ್ಟಿಸುತ್ತಾರೆ. ಇದು ತಿಳಿದ ಮೇಲೆ ಗೆಕೂ ಬಿಟ್ಟು ಮುಂದೆ ಹೋಗಲು ಯಾರಿಗಾದರೂ ಮನಸ್ಸು ಬಂದೀತೇ?

ನಾನು ಹೆಚ್ಚು ಹೊತ್ತು ನಿಂತದ್ದು ಗರ್ಭಗುಡಿಯ ಪಕ್ಕದ ಖಾಲಿ ನಿವೇಶನದ ಎದುರು. ಬೆಣಚುಕಲ್ಲು ಹರಡಿದ ಅಂಗಳ, ನಡುವೆ ಒಂದು ಪುಟ್ಟ ಮರದ ಗೂಡು, ಅಷ್ಟೇ. ಹಿಂದಿನ ಗುಡಿ ಇದ್ದ ಜಾಗ ಅದು, ಮುಂದಿನ ಗುಡಿ ಏಳುವುದೂ ಅಲ್ಲೇ. 20 ವರ್ಷಕ್ಕೊಮ್ಮೆ ಹಿನೋಕಿ ಮರದಲ್ಲಿ ಹೊಸ ಗುಡಿ ಕಟ್ಟಿ ದೇವರನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ. 690ರಲ್ಲಿ ಜಿತೋ ಚಕ್ರವರ್ತಿನಿಯ ಕಾಲದಲ್ಲಿ ಶುರುವಾದ ಈ ಪದ್ಧತಿ ಅಂತರ್ಯುದ್ಧಗಳ ದೆಸೆಯಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು. ಆದರೂ ಮತ್ತೆ ಹಿಡಿದು ನಡೆಸಿದರು. 2013ರದ್ದು 62ನೆಯದು, ಮುಂದಿನದು 2033ಕ್ಕೆ. ಹರೆಯದಲ್ಲಿ ಕೆಲಸ ಕಲಿತ ಬಡಗಿ ಮುಂದಿನ ಸರದಿಗೆ ತಾನೇ ಕಲಿಸುವವನಾಗುತ್ತಾನೆ. ಗುಡಿ ಹೊಸದಾದರೂ ಕೈಯ ಕಸುಬು ಹಳೆಯದೇ. ಹಳೆಯದನ್ನು ಉಳಿಸಿಕೊಳ್ಳುವ ಇದಕ್ಕಿಂತ ದೊಡ್ಡ ದಾರಿಯನ್ನು ನಾನು ಕಂಡಿಲ್ಲ.

ನೈಕೂನಲ್ಲಿ ಉಜಿ ಸೇತುವೆಯ ತೋರಣಕ್ಕೆ, ಅಂದರೆ ಮರದ ಹೆಬ್ಬಾಗಿಲಿಗೆ ತಲೆಬಾಗಿ, ಬಲಬದಿಯಲ್ಲೇ ನಡೆದೆ. ಗೆಕೂನಲ್ಲಿ ನಡೆಯುವುದು ಎಡಬದಿಯಲ್ಲಿ. ಇಸುಜು ನದಿಗೆ ಇಳಿದು ಕೈ ತೊಳೆದುಕೊಳ್ಳಬಹುದು. ನೀರು ಎಷ್ಟು ತಿಳಿ ಎಂದರೆ ತಳದ ಕಲ್ಲುಗಳೆಲ್ಲ ಕಾಣುತ್ತವೆ. ಗರ್ಭಗುಡಿಯ ಮುಂದಿನ ಮೆಟ್ಟಿಲ ಬುಡದಿಂದಾಚೆ ಫೋಟೊ ತೆಗೆಯುವಂತಿಲ್ಲ. ಮೇಲೆ ಹೋದರೂ ಬಾಗಿಲಿಗೆ ಬಿಳಿ ಪರದೆ. ವಿಗ್ರಹ ದರ್ಶನದ ನಿರೀಕ್ಷೆ ಬೇಡ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಕ್ರಮ. ಇಲ್ಲಿ ಕೃತಜ್ಞತೆ ಮಾತ್ರ. ಸ್ವಂತದ ಹರಕೆಗಳಿಗೆ ಹಿಂದುಗಡೆ ಅರಮತ್ಸುರಿ ಗುಡಿಯಿದೆ.

ವಾಪಸಾಗುವಾಗ ಸೇತುವೆಯ ತೋರಣಗಳನ್ನು ಮುಟ್ಟದೆ, ಹತ್ತಿರ ನಿಂತು ನೋಡಿ. ಹಿಂದಿನ ಗರ್ಭಗುಡಿಗಳ ಕಂಬಗಳಿಂದ ಮಾಡಿದವು ಅವು. ಗುಡಿಯಲ್ಲಿ 20 ವರ್ಷ ಇದ್ದ ಮೇಲೆ ಇಲ್ಲಿ ಇನ್ನೊಂದು 20 ವರ್ಷ ಇದ್ದು, ಆಮೇಲೆ ಕುವಾನಾ ಮತ್ತು ಸೆಕಿಯ ಹಳೆಯ ಯಾತ್ರಾದಾರಿಯಲ್ಲಿ ತೋರಣಗಳಾಗಿ ನಿಲ್ಲುತ್ತವೆ.