ರಾಜ್ಯೋತ್ಸವದಿಂದ ಯುಗಾದಿ ತನಕ: ಟೊರೊಂಟೊ ಕಡೆ ಹೊಸದಾಗಿ ಬಂದೋರು ಚಳೀಲಿ ಚರ್ಮ ನೋಡ್ಕೊಳ್ಳೋದು ಹೇಗೆ

ಪ್ರತಿ ವರ್ಷ ನವೆಂಬರ್ ಎರಡನೇ ವಾರ ಬಂತು ಅಂದ್ರೆ ನಂಗೆ ಒಂದೇ ಥರ ಮೆಸೇಜು ಬರೋಕ್ ಶುರು. ಅಕ್ಕಾ ಮೈಯೆಲ್ಲ ನವೆ, ಅಲರ್ಜಿ ಇರ್ಬೋದಾ? ಅಕ್ಕಾ ಬೇಸ್‌ಮೆಂಟಲ್ಲಿ ತಿಗಣೆ ಇದೆ ಅನ್ಸತ್ತೆ, ಓನರ್‌ಗೆ ಹೇಳ್ಲಾ? ಅಕ್ಕಾ ಇಲ್ಲಿ ನೀರು ಸರಿ ಇಲ್ವಾ? ತಿಗಣೆ ಇದ್ರೂ ಇರ್ಬೋದು, ಇಲ್ಲ ಅನ್ನಲ್ಲ, ಹಾಸಿಗೆ ಹೊಲಿಗೆ ಸಂದೀಲಿ ಒಂದ್ಸಲ ಟಾರ್ಚ್ ಹಾಕಿ ನೋಡ್ಬಿಡಿ. ಆದ್ರೆ ಹತ್ತರಲ್ಲಿ ಎಂಟು ಜನಕ್ಕೆ ಆಗಿರೋದು ಬೇರೇನೇ: ಮನೆ ಬೆಚ್ಚಗಿಡೋ ಫರ್ನೇಸ್ ಆನ್ ಆಗಿರತ್ತೆ, ಇವ್ರು ಮಾತ್ರ ಊರಲ್ಲಿ ಮಾಡ್ತಿದ್ದ ಹಾಗೇ ಸ್ನಾನ ಮಾಡ್ತಿರ್ತಾರೆ, ಅಷ್ಟೆ.

ನಾನು ಬಂದಿದ್ದು ಜನವರೀಲಿ, ಹಾಸನದಿಂದ ನೇರ ಟೊರೊಂಟೊ ಪಕ್ಕದ ಬ್ರಾಂಪ್ಟನ್ನಿನ ಒಂದು ಬೇಸ್‌ಮೆಂಟಿಗೆ. ಊರಲ್ಲಿ ಹಂಡೆ ನೀರಿಗೆ ಲೆಕ್ಕ ಇರ್ತಿತ್ತು, ಅಣ್ಣ ಬಾಗಿಲು ಬಡೀತಿದ್ದ. ಇಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ತಾನೇ ಇರತ್ತೆ, ಹೊರಗಡೆ ಮೈನಸ್ 18, ಯಾರಿಗೆ ತಾನೇ ಆಚೆ ಬರೋಕ್ ಮನಸ್ಸು ಬರತ್ತೆ ಹೇಳಿ, ಅರ್ಧ ಗಂಟೆ ಹೊಗೆ ಏಳೋ ನೀರಲ್ಲಿ ನಿಂತು, ಚೆನ್ನಾಗಿ ಸೋಪು ಉಜ್ಜಿ, ಒರೆಸ್ಕೊಂಡು ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಬಳ್ಕೊಂಡು ಮಲಗ್ತಿದ್ದೆ. ಮೂರನೇ ವಾರಕ್ಕೆ ಮೊಣಕಾಲಿಂದ ಕೆಳಗೆ ಚರ್ಮ ಬೇಸಿಗೇಲಿ ಬತ್ತಿದ ಕೆರೆ ಅಂಗಳದ ಥರ ಸಣ್ಣ ಸಣ್ಣ ಬಿರುಕು, ರಾತ್ರಿ ಎದ್ದು ಕೂತು ಕೆರ್ಕೊಳ್ತಿದ್ದೆ, ದಿಂಬಿನ ಕವರ್ ಎಲ್ಲ ಎಣ್ಣೆ ಜಿಡ್ಡು. ಫಾರ್ಮಸೀಲಿ ಹೋಗಿ ಅಲರ್ಜಿ ಮಾತ್ರೆ ಕೇಳಿದ್ರೆ ಆ ಫಾರ್ಮಸಿಸ್ಟ್ ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತು ಸ್ನಾನ ಮಾಡ್ತೀರ ಅಂತ. ನಂಗೆ ನಾಚಿಕೆ ಆಗಿ 10 ನಿಮಿಷ ಅಂದೆ. ಅವ್ರು ನಂಬಲಿಲ್ಲ.

ಮೊದಲು ಯಾಕೆ ಹಿಂಗಾಗತ್ತೆ ಅಂತ ತಿಳ್ಕೊಳಿ, ಆಮೇಲೆ ಏನು ಕೊಳ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ನಾವೆಲ್ಲ ಬೈಯೋದು ಹೊರಗಿನ ಚಳಿಗೆ, ನಿಜವಾದ ತೊಂದರೆ ಮನೆ ಒಳಗಿದೆ. ತಣ್ಣಗಿನ ಗಾಳಿ ನೀರಾವಿ ಹಿಡ್ಕೊಳ್ಳಲ್ಲ. ಮೈನಸ್ 20ರಲ್ಲಿ ಒಂದು ಘನ ಮೀಟರ್ ಗಾಳಿ ಹಿಡ್ಕೊಳ್ಳೋದು ಹೆಚ್ಚು ಅಂದ್ರೆ ಸುಮಾರು 1 ಗ್ರಾಂ ನೀರು, ಅದೇ 22 ಡಿಗ್ರೀಲಿ 19 ಗ್ರಾಂ ತನಕ. ಫರ್ನೇಸ್ ಏನ್ ಮಾಡತ್ತೆ ಅಂದ್ರೆ ಆ 1 ಗ್ರಾಮಿನ ಗಾಳೀನೇ 22 ಡಿಗ್ರಿಗೆ ಕಾಯಿಸಿ ನೆಲದ ಜಾಲರಿಯಿಂದ ಬಿಡತ್ತೆ. ಅಡಿಗೆ, ಸ್ನಾನ, ನಮ್ಮ ಉಸಿರಿಂದ ಒಂದಿಷ್ಟು ಆವಿ ಸೇರ್ದೇ ಇದ್ರೆ ಮನೆ ಒಳಗಿನ ತೇವಾಂಶ ಶೇಕಡಾ 5ರ ಹತ್ರ ಇರ್ತಿತ್ತು. ಆ ಗಾಳಿಗೆ ನೀರಿನ ದಾಹ, ಎಲ್ಲಿ ಸಿಗತ್ತೋ ಅಲ್ಲಿಂದ ಹೀರತ್ತೆ, ಹತ್ತಿರ ಸಿಗೋದು ನಿಮ್ ಮೈ. ಹಂಗಾಗಿ ಬೆಳಗ್ಗೆ ಎದ್ದು ಕಾಫಿ ಲೋಟ ಹಿಡ್ಕೊಂಡು ಜಾಲರಿ ಮೇಲೆ ಕಾಲು ಚಾಚಿ ಕೂರೋ ಅಭ್ಯಾಸ ಇದ್ರೆ ಬಿಡಿ. ಸುಖವಾಗಿರತ್ತೆ, ಗೊತ್ತು. ನಮ್ಮನೆ ಮಕ್ಕಳೂ ಅಲ್ಲೇ ಕೂರ್ತಾವೆ, ಎಬ್ಬಿಸಿ ಎಬ್ಬಿಸಿ ಸಾಕಾಗಿದೆ.

ಈಗ ಕೊಬ್ಬರಿ ಎಣ್ಣೆ ವಿಷಯ, ಇದನ್ನ ಹೇಳಿದ್ರೆ ಕೆಲವ್ರಿಗೆ ಕೋಪ ಬರತ್ತೆ. ಎಣ್ಣೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಣ್ಣೇಲಿ ನೀರಿಲ್ಲ, ಒಳಗಿರೋ ನೀರು ಆಚೆ ಹೋಗದ ಹಾಗೆ ಮುಚ್ಚಳ ಹಾಕೋದಷ್ಟೇ ಅದರ ಕೆಲಸ. ಖಾಲಿ ಪಾತ್ರೆಗೆ ಮುಚ್ಚಳ ಹಾಕಿ ಏನ್ ಪ್ರಯೋಜನ? ಊರಲ್ಲಿ ಗಾಳೀಲೇ ತೇವ ಇರ್ತಿತ್ತು, ಮುಚ್ಚಳ ಸಾಕಾಗ್ತಿತ್ತು. ಇಲ್ಲಿ ಮೊದಲು ಪಾತ್ರೆ ತುಂಬಿಸ್ಬೇಕು. ಅಂದ್ರೆ ಉಗುರುಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷ ಸ್ನಾನ, ಟವೆಲ್ ಅಲ್ಲಿ ಉಜ್ಜಿ ಒರೆಸ್ದೆ ಬರೀ ಒತ್ತಿ ಒರೆಸಿ, ಮೈ ಇನ್ನೂ ಪಸೆ ಪಸೆ ಇರೋವಾಗ್ಲೇ ಬಾತ್‌ರೂಮ್ ಬಾಗಿಲು ತೆಗೆಯೋಕ್ ಮುಂಚೆನೇ ಕ್ರೀಮ್ ಹಚ್ಚಿ ಮುಗಿಸ್ಬೇಕು. ಮೂರು ನಿಮಿಷ ಅಂತ ಲೆಕ್ಕ ಇಟ್ಕೊಳಿ. ಈ ಬರಹದಲ್ಲಿ ಬೇರೆಲ್ಲ ಮರೆತ್ರೂ ಇದೊಂದು ಮಾಡಿ, ನನ್ನ ನವೆ ಅರ್ಧಕ್ಕರ್ಧ ಇಳಿದಿದ್ದು ಇದರಿಂದ್ಲೇ, ಕ್ರೀಮ್ ಬದಲಾಯಿಸಿದ್ದು ಆಮೇಲೆ. ಎಣ್ಣೆ ಬಿಡೋಕ್ ಮನಸ್ಸಿಲ್ಲ ಅಂದ್ರೆ ಕ್ರೀಮ್ ಮೇಲೆ ಎರಡು ಹನಿ ಹಚ್ಕೊಳಿ. ಹೇಗೂ ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗತ್ತೆ, ಬೇಸ್‌ಮೆಂಟಲ್ಲಿ ಬಾಟಲಿಯಿಂದ ಚಮಚ ಹಾಕಿ ಕೆರೀಬೇಕು.

ದೀಪಾವಳಿ, ಯುಗಾದಿ ಎಣ್ಣೆ ಸ್ನಾನ ಬಿಡಬೇಡಿ ಮತ್ತೆ. ಸೀಗೆಕಾಯಿ, ಕಡ್ಲೆಹಿಟ್ಟು ಹಾಕಿ ಜಿಡ್ಡೆಲ್ಲ ಹೋಗೋ ಹಾಗೆ ತಿಕ್ಕೋದು ಮಾತ್ರ ಈ ಚಳೀಲಿ ಬೇಡ.

ಸೋಪು. ಎಲ್ರ ಸೂಟ್‌ಕೇಸಲ್ಲೂ ಮೈಸೂರ್ ಸ್ಯಾಂಡಲ್ ಇರತ್ತೆ, ನನ್ನದ್ರಲ್ಲೂ ಇರತ್ತೆ, ಬಟ್ಟೆ ಎಲ್ಲ ಘಮ ಘಮ. ಆದ್ರೆ ಯಾವ ಕಂಪನಿದೇ ಆಗ್ಲಿ ಮಾಮೂಲಿ ಬಾರ್ ಸೋಪು ಹೆಚ್ಚಾಗಿ ಕ್ಷಾರ, ಪಿಎಚ್ (ಆಮ್ಲ-ಕ್ಷಾರದ ಅಳತೆ) 9-10ರ ಹತ್ರ, ನಮ್ಮ ಚರ್ಮದ್ದು 5ರ ಆಸುಪಾಸು. ಚಳಿಗಾಲದಲ್ಲಿ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಹಾಕ್ಕೊಳಿ. ಕೈಕಾಲು ಬೆನ್ನಿಗೆ ನೀರು ಸಾಕು, ಇಲ್ಲಿ ಧೂಳು ಎಲ್ಲಿದೆ, ಬೆವರು ಎಲ್ಲಿದೆ?

ಅಂಗಡೀಲಿ ಏನ್ ತಗೋಬೇಕು ಅಂತ. ಶಾಪರ್ಸ್ ಡ್ರಗ್ ಮಾರ್ಟಲ್ಲೋ ವಾಲ್‌ಮಾರ್ಟಲ್ಲೋ ಆ ಸಾಲು ನೋಡಿದ್ರೆ ತಲೆ ತಿರುಗತ್ತೆ. ಒಂದು ಸುಲಭದ ಗುರುತು: ಪಂಪ್ ಇರೋ ಬಾಟಲೀದು ಲೋಷನ್, ಅದ್ರಲ್ಲಿ ನೀರು ಜಾಸ್ತಿ, ಬೇಸಿಗೆಗೆ ಸರಿ. ಚಳಿಗೆ ಬೇಕಿರೋದು ಅಗಲ ಬಾಯಿ ಡಬ್ಬೀಲಿ ಬರೋ ಗಟ್ಟಿ ಕ್ರೀಮ್, ಕೈಯಲ್ಲಿ ಬಗ್ಗಿಸಿದ್ರೆ ಬೀಳಬಾರದು. ಹಿಂದುಗಡೆ ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಮ್ ಇದೆಯಾ ನೋಡಿ. ಸೆರಾವೆ ದೊಡ್ಡ ಡಬ್ಬಿ ಕಾಸ್ಟ್ಕೋದಲ್ಲಿ ಸಿಗತ್ತೆ, ಗ್ಲಾಕ್ಸಲ್ ಬೇಸ್ ಅಂತ ಕೆನಡಾದವ್ರೇ ಹಳೇ ಕಾಲದಿಂದ ಬಳಸೋದು ಒಂದಿದೆ, ಅವೀನೋ ಇದೆ, ಯಾವುದಾದ್ರೂ ಆಗತ್ತೆ, ದುಬಾರಿದೇ ಆಗ್ಬೇಕು ಅಂತ ಏನಿಲ್ಲ. ಲೇಬಲ್ ಇಂಗ್ಲಿಷ್ ಫ್ರೆಂಚ್ ಎರಡರಲ್ಲೂ ಇರತ್ತೆ, ಫ್ರಾಗ್ರನ್ಸ್ ಫ್ರೀ ಅಂತ ಇರೋದೇ ತಗೊಳಿ. ಅನ್‌ಸೆಂಟೆಡ್ ಅಂದ್ರೆ ಅದೇ ಅಲ್ಲ ಮತ್ತೆ, ವಾಸನೆ ಮುಚ್ಚೋಕೆ ಅದ್ರಲ್ಲಿ ಬೇರೆ ಸುಗಂಧ ಸೇರ್ಸಿರ್ಬೋದು. ಎಕ್ಸಿಮಾ (ಇಸುಬು) ಸೊಸೈಟಿ ಆಫ್ ಕೆನಡಾದ ಮುದ್ರೆ ಇದ್ರೆ ಇನ್ನೂ ನಿಶ್ಚಿಂತೆ. ಪಾಯಿಂಟ್ಸ್ ಜಾಸ್ತಿ ಕೊಡೋ ದಿನ ನೋಡ್ಕೊಂಡು ಶಾಪರ್ಸಿಗೆ ಹೋಗಿ, ಅದೂ ಒಂದು ಕಲೆ, ಎರಡು ವರ್ಷದಲ್ಲಿ ಕಲೀತೀರ.

ತುಟಿಗೆ, ಮೂಗಿನ ಪಕ್ಕಕ್ಕೆ ಬರೀ ವ್ಯಾಸಲೀನ್. ಪುದಿನ ಥರ ತಣ್ಣಗೆ ಚುರುಗುಟ್ಟೋ ಲಿಪ್ ಬಾಮ್ ಬೇಡ, ಅದು ಇನ್ನೂ ಉರಿಸತ್ತೆ. ತುಟಿ ನೆಕ್ಕೋ ಅಭ್ಯಾಸ ಇರೋರು ರಾತ್ರಿ ದಪ್ಪಕ್ಕೆ ಹಚ್ಕೊಂಡು ಮಲಗಿ. ಹಿಮ್ಮಡಿ ಒಡೆದಿದ್ರೆ ಯೂರಿಯಾ ಇರೋ ಕ್ರೀಮ್ ಕೇಳಿ, ಗೊಬ್ಬರ ಅಲ್ಲ, ನಗಬೇಡಿ. 10 ಪರ್ಸೆಂಟಿಂದ ಶುರು ಮಾಡಿ, ತೀರಾ ದಪ್ಪಗಿದ್ರೆ 20-25. ರಕ್ತ ಬರೋ ಹಾಗೆ ಬಿರಿದಿದ್ರೆ ಮಾತ್ರ ಮೊದಲು ವ್ಯಾಸಲೀನ್ ಹಾಕಿ ಕೂಡ್ಸಿ, ಇಲ್ಲಾಂದ್ರೆ ಯೂರಿಯಾ ಕಣ್ಣಲ್ಲಿ ನೀರು ತರ್ಸತ್ತೆ. ಮೇಲೊಂದು ಹತ್ತಿ ಸಾಕ್ಸ್.

ಕೈ ಒಡೆಯೋಕೆ ಮುಖ್ಯ ಕಾರಣ ಪಾತ್ರೆ ತೊಳೆಯೋದು. ರೂಮ್‌ಮೇಟ್ಸ್ ಪಾಳಿ ಹಾಕ್ಕೊಂಡು ಕುಕ್ಕರ್ ಉಜ್ತೀರಲ್ಲ, ಅದಕ್ಕೆ ರಬ್ಬರ್ ಗ್ಲೌಸ್ ಡಾಲರ್ ಅಂಗಡೀಲೇ ಸಿಗತ್ತೆ.

ಗಾಳಿಗೆ ತೇವ ಸೇರ್ಸೋ ಹ್ಯೂಮಿಡಿಫೈಯರ್ ಬಗ್ಗೆ ತುಂಬ ಜನ ಕೇಳ್ತಾರೆ. ಮಲಗೋ ರೂಮಿಗೆ ಒಂದಿದ್ರೆ ಒಳ್ಳೇದೇ, ಮಕ್ಕಳಿದ್ರೆ ತಣ್ಣಗಿನ ಆವಿದು ತಗೊಳಿ, ಬಿಸಿ ನೀರು ಚೆಲ್ಲೋ ಭಯ ಇರಲ್ಲ. ಜೊತೆಗೆ ತೇವಾಂಶ ತೋರ್ಸೋ ಒಂದು ಸಣ್ಣ ಮೀಟರ್ ಇಟ್ಕೊಳಿ, 30ರಿಂದ 40ರ ಒಳಗಿದ್ರೆ ಸಾಕು. ಜಾಸ್ತಿ ಒಳ್ಳೇದು ಅಂತ ಬಿಟ್ರೆ ಕಿಟಕಿ ಗಾಜಲ್ಲಿ ನೀರು ಇಳಿದು ಮೂಲೇಲಿ ಬೂಸ್ಟು ಕಟ್ಟತ್ತೆ, ಆಮೇಲೆ ಓನರ್ ಹತ್ರ ಜಗಳ. ದಿನಾ ನೀರು ಬದಲಾಯಿಸಿ, ವಾರಕ್ಕೊಂದ್ಸಲ ವಿನೆಗರ್ ಹಾಕಿ ತೊಳೀರಿ. ನಲ್ಲಿ ನೀರು ಹಾಕಿದ್ರೆ ಟೇಬಲ್ ಮೇಲೆಲ್ಲ ಬಿಳಿ ಪುಡಿ ಕೂರ್ಬೋದು, ಅದು ನೀರಿನ ಖನಿಜ, ಡಿಸ್ಟಿಲ್ಡ್ ನೀರು ಹಾಕಿದ್ರೆ ಇರಲ್ಲ. ಸ್ವಂತ ಮನೆ ಆದ್ರೆ ಫರ್ನೇಸಿಗೇ ಜೋಡಿಸಿರೋದು ಇರ್ಬೋದು, ನಮ್ಮನೇಲಿ ಇದೆ ಅಂತ ನಂಗೆ ಗೊತ್ತಾಗಿದ್ದೇ ಮೂರು ಚಳಿಗಾಲ ಕಳೆದ ಮೇಲೆ.

ಮುಖಕ್ಕೆ ಬಂದ್ರೆ, ಬೆಂಗಳೂರಲ್ಲಿ ಹಚ್ತಿದ್ದ ನೊರೆ ಬರೋ ಫೇಸ್‌ವಾಶು, ಸ್ಕ್ರಬ್ಬು ಎತ್ತಿಡಿ. ಬೆಳಗ್ಗೆ ಬರೀ ನೀರು. ರೆಟಿನಾಲ್, ಗ್ಲೈಕಾಲಿಕ್ ಆಸಿಡ್ ಹಚ್ಚೋರು ವಾರಕ್ಕೆ ಎರಡು ರಾತ್ರಿಗೆ ಇಳಿಸಿ, ಉರಿ ಬಂದ್ರೆ ಪೂರ್ತಿ ನಿಲ್ಸಿ. ಸನ್‌ಸ್ಕ್ರೀನ್ ಮಾತ್ರ ಬಿಡಬೇಡಿ. ಬಿಸಿಲೇ ಇಲ್ವಲ್ಲ ಅಂತೀರ, ಹೊಸದಾಗಿ ಬಿದ್ದ ಹಿಮ ಯುವಿ ಕಿರಣಾನ ಶೇಕಡಾ 80ರ ತನಕ ವಾಪಸ್ ಮುಖಕ್ಕೆ ಎಸೆಯತ್ತೆ. ತಮಾಷೆ ಏನಂದ್ರೆ ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿಗೆ ವಿಟಮಿನ್ ಡಿ ಮಾಡೋ ಶಕ್ತಿ ಇರಲ್ಲ, ಬಂಗು ಕಪ್ಪು ಮಾಡೋ ಶಕ್ತಿ ಇರತ್ತೆ. ಡಿ ಮಾತ್ರೆ ಬೇರೆ ತಗೋಬೇಕು, 70 ವರ್ಷದ ಒಳಗಿನ ದೊಡ್ಡೋರಿಗೆ ಆಹಾರ ಎಲ್ಲ ಸೇರಿ ದಿನಕ್ಕೆ 600 ಐಯು ಅಂತ ಹೆಲ್ತ್ ಕೆನಡಾ ಲೆಕ್ಕ. ಇಲ್ಲಿ ಹಾಲಿಗೆ ಕಾನೂನು ಪ್ರಕಾರಾನೇ ಡಿ ಸೇರಿಸಿರ್ತಾರೆ, ಮೊಸರನ್ನಕ್ಕೆ ಮನೇಲೇ ಹೆಪ್ಪು ಹಾಕಿ.

ತಲೆಹೊಟ್ಟು ಬಂದ್ರೆ ಒಣಗಿದೆ ಅಂತ ಎಣ್ಣೆ ಸುರೀಬೇಡಿ. ಅದು ಹೆಚ್ಚಾಗಿ ಯೀಸ್ಟ್ ಕೆಲಸ, ಅದಕ್ಕೆ ಎಣ್ಣೆ ಅಂದ್ರೆ ಹಬ್ಬದೂಟ. ಜಿಂಕ್ ಪೈರಿಥಿಯೋನ್ ಇರೋ ಶಾಂಪೂ ಹಾಕಿ ಐದು ನಿಮಿಷ ಬಿಟ್ಟು ತೊಳೀರಿ.

ಬಸ್ ಸ್ಟಾಪಲ್ಲಿ ಕಾಯೋರು ಟೆಂಪರೇಚರ್ ನೋಡ್ಬೇಡಿ, ವಿಂಡ್ ಚಿಲ್ ನೋಡಿ, ಅಂದ್ರೆ ಗಾಳಿ ಬೀಸಿದಾಗ ಮೈಗೆ ಎಷ್ಟು ಚಳಿ ಅನ್ಸತ್ತೆ ಅನ್ನೋ ಲೆಕ್ಕ. ಅದು ಮೈನಸ್ 28 ದಾಟಿದ್ರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಬೋದು. ಕಿವಿ, ಮೂಗು, ಕೆನ್ನೆ, ಬೆರಳ ತುದಿ ಮೊದಲು. ನಮ್ಮ ಬಣ್ಣದಲ್ಲಿ ಕೆಂಪಾಗೋದು ಕಾಣ್ಸಲ್ಲ, ಬೂದು ಬೂದಾಗಿ ಬಿಳಿಚಿ ಮರಗಟ್ಟತ್ತೆ. ಹಂಗಾದ್ರೆ ಉಜ್ಬೇಡಿ, ಹೀಟರ್ ಮುಂದೆ ಹಿಡೀಬೇಡಿ, ಸ್ಪರ್ಶ ಇಲ್ದೆ ಸುಟ್ಟಿದ್ದೂ ಗೊತ್ತಾಗಲ್ಲ. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಲ್ಲಿ ಇಡಿ, ಸ್ಪರ್ಶ ವಾಪಸ್ ಬರ್ಲಿಲ್ಲ, ಇಲ್ಲ ಗುಳ್ಳೆ ಎದ್ವು ಅಂದ್ರೆ ಆಸ್ಪತ್ರೆಗೆ.

ಇನ್ನು ಬಾಣಂತನಕ್ಕೆ ಊರಿಂದ ಅಮ್ಮಂದ್ರು ಬರ್ತಾರಲ್ಲ, ಅಲ್ಲಿ ಸ್ವಲ್ಪ ನಾಜೂಕು ಬೇಕು. ಕೂಸಿಗೆ ಎಣ್ಣೆ ತಿಕ್ಕಿ ಸುಡು ಸುಡು ನೀರು ಎರೀದೇ ಇದ್ರೆ ಅವ್ರಿಗೆ ಸಮಾಧಾನ ಇಲ್ಲ. ನನ್ನಮ್ಮನ ಹತ್ರ ನಾನು ಗೆದ್ದಿದ್ದು ನೀರಿನ ಬಿಸೀಲಿ, ಸೋತಿದ್ದು ಎಣ್ಣೇಲಿ, ಪರವಾಗಿಲ್ಲ, ಕೊಬ್ಬರಿ ಎಣ್ಣೆ ನಡೆಯತ್ತೆ. ಆಲಿವ್ ಎಣ್ಣೆ, ಸಾಸಿವೆ ಎಣ್ಣೆ ಬೇಡ ಅನ್ನಿ, ಎಳೇ ಚರ್ಮದ ಪದರಾನೇ ಕೆಡಿಸತ್ತೆ. ಅಮ್ಮಂದ್ರ ಕಾಲನ್ನೂ ಒಂದ್ಸಲ ನೋಡಿ, ವಯಸ್ಸಾದೋರಿಗೆ ಮೊಣಕಾಲ ಕೆಳಗೆ ನವೆ ಜೋರಿರತ್ತೆ, ಮಗಳಿಗೆ ತೊಂದರೆ ಅಂತ ಬಾಯಿ ಬಿಡಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಊರಿನ ಮೆಡಿಕಲ್ ಶಾಪಿಂದ ಚೀಟಿ ಇಲ್ದೆ ತಂದಿರೋ, ಎಲ್ಲ ನವೆಗೂ ಒಂದೇ ಅನ್ನೋ ಟ್ಯೂಬ್ ಇದೆಯಲ್ಲ, ಅದನ್ನ ಹಚ್ಬೇಡಿ. ತುಂಬಾದ್ರಲ್ಲಿ ಜೋರು ಸ್ಟೀರಾಯ್ಡ್ ಇರತ್ತೆ, ಎರಡು ದಿನ ಸ್ವರ್ಗ, ಆಮೇಲೆ ಚರ್ಮ ತೆಳುವಾಗತ್ತೆ, ಮುಖಕ್ಕೆ ಹಚ್ಚಿದ್ರೆ ಮೊಡವೆ, ಕೆಂಪು. ಹುಳುಕಡ್ಡಿ ಆಗಿದ್ರೆ ಅದು ಒಳಗೊಳಗೇ ಹರಡತ್ತೆ. ದುಂಡಗೆ ಅಂಚು ಕಟ್ಟಿ ಬೆಳೀತಿದ್ರೆ ಅದು ಚಳಿ ನವೆ ಅಲ್ಲ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ರಾತ್ರಿ ಹೊತ್ತು ಜಾಸ್ತಿ ಕೆರೆತ, ಜೊತೆಗಿರೋ ಹುಡುಗ್ರಿಗೂ ಶುರುವಾಗಿದೆ ಅಂದ್ರೆ ಕಜ್ಜಿ ಇರ್ಬೋದು, ಮನೇವ್ರೆಲ್ಲ ಒಟ್ಟಿಗೇ ಔಷಧಿ ಹಚ್ಬೇಕು, ನಾಚ್ಕೊಂಡು ಮುಚ್ಚಿಡೋದಲ್ಲ. ಮತ್ತೆ ಇಸುಬಿನ ಫೋಟೋ ಅಂತ ಗೂಗಲ್ ತೋರ್ಸೋದೆಲ್ಲ ಬಿಳೀ ಚರ್ಮದ ಮೇಲೆ ಕೆಂಪು ಮಚ್ಚೆ. ನಮ್ಮಲ್ಲಿ ಅದು ಕಂದು, ನೇರಳೆ, ಬೂದು ಆಗಿ ಕಾಣತ್ತೆ, ಕೆರೆದಷ್ಟೂ ಕಪ್ಪು ಕಲೆ ಉಳಿದು ತಿಂಗಳುಗಟ್ಲೆ ಹೋಗಲ್ಲ.

ಚರ್ಮದ ಡಾಕ್ಟರ್ ಹತ್ರ ಊರಿನ ಹಾಗೆ ಸಂಜೆ ಟೋಕನ್ ತಗೊಂಡು ಹೋಗೋಕಾಗಲ್ಲ, ಫ್ಯಾಮಿಲಿ ಡಾಕ್ಟರೋ, ಅಪಾಯಿಂಟ್‌ಮೆಂಟ್ ಇಲ್ದೆ ಹೋಗೋ ವಾಕ್‌ಇನ್ ಕ್ಲಿನಿಕ್ಕೋ ಬರೆದುಕೊಡ್ಬೇಕು, ಆಮೇಲೆ ತಿಂಗಳುಗಟ್ಲೆ ಕಾಯ್ಬೇಕು. ಆದ್ರೆ ಒಂಟಾರಿಯೋದಲ್ಲಿ 2023ರ ಜನವರಿ 1ರಿಂದ ಇಸುಬು, ಅಲರ್ಜಿ ಥರದ್ದಕ್ಕೆ ಫಾರ್ಮಸಿಸ್ಟೇ ಔಷಧಿ ಬರೆದುಕೊಡ್ಬೋದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹೆಲ್ತ್ ಕಾರ್ಡ್ ಇದ್ರೆ ನೋಡೋದಕ್ಕೆ ದುಡ್ಡಿಲ್ಲ, ಔಷಧಿಗೆ ಕೊಡ್ಬೇಕು. ಸ್ಟೂಡೆಂಟ್ಸ್ ನಿಮ್ಮ ಇನ್ಶೂರೆನ್ಸ್ ಏನ್ ಕೊಡತ್ತೆ ಅಂತ ಮೊದಲೇ ಕೇಳಿಟ್ಕೊಳಿ. ಕೀವು ಬಂದ್ರೆ, ಜ್ವರ ಬಂದ್ರೆ, ಎರಡು ವಾರ ಸರಿಯಾಗಿ ಕ್ರೀಮ್ ಹಚ್ಚಿದ್ರೂ ನಿದ್ದೆ ಬರದಷ್ಟು ನವೆ ಇದ್ರೆ ಕಾಯಬೇಡಿ, ಹೋಗಿ.

ಯಾವಾಗಿಂದ ಯಾವಾಗ ತನಕ ಇದೆಲ್ಲ ಅಂದ್ರೆ, ನಂದು ಸುಲಭದ ಪಂಚಾಂಗ: ರಾಜ್ಯೋತ್ಸವಕ್ಕೆ ಲೋಷನ್ ಎತ್ತಿಟ್ಟು ಕ್ರೀಮ್ ಡಬ್ಬಿ ತೆಗೀತೀನಿ. ಯುಗಾದಿಗೆ ನಿಲ್ಸೋಣ ಅಂದ್ಕೊಳ್ತೀನಿ, ಏಪ್ರಿಲಲ್ಲಿ ಒಂದು ಹಿಮ ಬಿದ್ದೇ ಬೀಳತ್ತೆ, ಮತ್ತೆ ತೆಗೀತೀನಿ. ಕೊನೆಗೆ ಅಡಿಗೆಮನೆ ಕಟ್ಟೆ ಮೇಲಿನ ಕೊಬ್ಬರಿ ಎಣ್ಣೆ ತಾನಾಗೇ ಕರಗಿದ ದಿನ ಹ್ಯೂಮಿಡಿಫೈಯರ್ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕ್ತೀನಿ, ಡಬ್ಬೀಲಿ ಉಳಿದ ಕ್ರೀಮು ಹಿಮ್ಮಡಿಗೆ.