ಐಡಲ್‌ನಲ್ಲಿ ಬಂದ ವಿಂಡೋ ಟರ್ಮಿನಲ್‌ನಲ್ಲಿ ಯಾಕೆ ಬರಲ್ಲ?

"ಸರ್, ಮನೇಲಿ ವಿಂಡೋ ಬರ್ತಿತ್ತು, ಲ್ಯಾಬಲ್ಲಿ ಬರ್ತಿಲ್ಲ." ಪೈಥಾನ್ ಪ್ರಾಜೆಕ್ಟ್ ಹಿಡಿದು ಬರುವ ಹುಡುಗರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ಅವರು ಓಡಿಸಿದ್ದು ಐಡಲ್‌ನಲ್ಲಿ, ಅಂದರೆ ಪೈಥಾನ್ ಬರೆದು ಓಡಿಸುವ ಎಡಿಟರ್‌ನಲ್ಲಿ. ಲ್ಯಾಬಲ್ಲಿ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ.

ಮೊದಲು ಟಿಕಿಂಟರ್, ಅಂದರೆ ಪೈಥಾನ್‌ನಲ್ಲಿ ವಿಂಡೋ ಮಾಡುವ ಲೈಬ್ರರಿ, ಇದೆಯೇ ನೋಡಿ. ಉಬುಂಟುವಿನಲ್ಲಿ ಪೈಥಾನ್ ಇದ್ದರೂ ಟಿಕಿಂಟರ್ ಇರದೇ ಹೋಗಬಹುದು. ಆಗ ಅಲ್ಲಿನ ಸಾಫ್ಟ್‌ವೇರ್ ಹಾಕುವ ಕಮಾಂಡ್ ಆಪ್ಟ್‌ನಿಂದ ಹಾಕಿಕೊಳ್ಳಿ. ನಿಮ್ಮ ಫೈಲಿಗೆ ಮಾತ್ರ ಟಿಕಿಂಟರ್ ಎಂದೇ ಹೆಸರಿಡಬೇಡಿ. ಪೈಥಾನ್ ಅಸಲಿಯ ಬದಲು ನಿಮ್ಮ ಫೈಲನ್ನೇ ಎತ್ತಿಕೊಳ್ಳುತ್ತದೆ.

ನಂತರ ಇಂಪೋರ್ಟ್ ಮಾಡಿ, ರೂಟ್ ಅಂದರೆ ಮುಖ್ಯ ವಿಂಡೋ ಮಾಡಿ, ಅದರೊಳಗೆ ಅಕ್ಷರ ತೋರಿಸುವ ಒಂದು ಲೇಬಲ್ ಪ್ಯಾಕ್ ಮಾಡಿ, ಕೊನೆಗೆ ಮೇನ್‌ಲೂಪ್ ಕರೆಯಿರಿ. ನಾಲ್ಕು ಸಾಲು, ಮುಗಿಯಿತು.

ಎಡವುವುದು ಕೊನೆಯ ಸಾಲಿನಲ್ಲಿ: ಮೇನ್‌ಲೂಪ್. ವಿಂಡೋವನ್ನು ಪರದೆ ಮೇಲೆ ಬಿಡಿಸುವುದು, ಮೌಸ್ ಒತ್ತಿದ್ದು ಗಮನಿಸುವುದು ಎಲ್ಲ ಅದರ ಕೆಲಸ. ಅದಿಲ್ಲದಿದ್ದರೆ ಪ್ರೋಗ್ರಾಂ ಕೊನೆ ಮುಟ್ಟಿ ಮುಗಿಯುತ್ತದೆ, ವಿಂಡೋನೂ ಅದರ ಜೊತೆಗೇ ಹೋಗುತ್ತದೆ. ಹಾಗಾದರೆ ಮನೆಯಲ್ಲಿ ಹೇಗೆ ಬಂತು? ಐಡಲ್ ಹಿಂದೆ ನಿಂತು ಸೆಕೆಂಡಿಗೆ ಸುಮಾರು 20 ಸಲ ವಿಂಡೋವನ್ನು ತಾನೇ ಅಪ್‌ಡೇಟ್ ಮಾಡುತ್ತಿರುತ್ತದೆ. ಟರ್ಮಿನಲ್‌ನಲ್ಲಿ ಆ ಉಪಕಾರ ಮಾಡುವವರಿಲ್ಲ. ಹಾಗಾಗಿ ಪ್ರಾಜೆಕ್ಟನ್ನು ಶುರುವಿನಿಂದಲೇ ಟರ್ಮಿನಲ್‌ನಲ್ಲಿ ಓಡಿಸಿ ನೋಡಿ.

ಕೆಲವರು ವಿಂಡೋ ನಿಲ್ಲಲಿ ಅಂತ ಪ್ರೋಗ್ರಾಮನ್ನೇ ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಸ್ಲೀಪ್ ಹಾಕುತ್ತಾರೆ. ನಿಲ್ಲೋದೇನೋ ನಿಲ್ಲಬಹುದು, ಆದರೆ ಕಲ್ಲಾಗಿ! ಕ್ಲೋಸ್ ಬಟನ್ ಕೂಡ ಕೇಳುವುದಿಲ್ಲ. ಸುಮ್ನೆ ಬಿಡದೆ ಅಪ್‌ಡೇಟ್ ಕರೆಯುವ ವೈಲ್ ಲೂಪನ್ನು ವಿಡಿಯೋ ನೋಡಿ ಕಾಪಿ ಹೊಡೆಯುವವರೂ ಇದ್ದಾರೆ. ಲ್ಯಾಪ್‌ಟಾಪ್ ಫ್ಯಾನ್ ಕೂಗುವುದಕ್ಕೆ ಅದೇ ಕಾರಣ.

ಮೇನ್‌ಲೂಪ್ ಕೆಳಗೆ ಬರೆದ ಸಾಲುಗಳು ವಿಂಡೋ ಮುಚ್ಚುವವರೆಗೆ ಓಡುವುದಿಲ್ಲ. ಗಡಿಯಾರದಂಥದ್ದು ಬೇಕಿದ್ದರೆ, ಹೇಳಿದಷ್ಟು ಸಮಯ ಬಿಟ್ಟು ಒಂದು ಫಂಕ್ಷನ್ ಕರೆಯುವ ಆಫ್ಟರ್ ಬಳಸಿ. ಸಮಯ ಮಿಲಿಸೆಕೆಂಡಿನಲ್ಲಿ: ಒಂದು ಸೆಕೆಂಡಿಗೆ 1000. ಫಂಕ್ಷನ್ ಹೆಸರಷ್ಟೇ ಕೊಡಿ. ಮುಂದೆ ಬ್ರಾಕೆಟ್ ಹಾಕಿದರೆ ಅದು ಆಗಲೇ ಓಡಿಬಿಡುತ್ತದೆ, ಒಂದು ಸೆಕೆಂಡು ಕಾಯುವುದೆಲ್ಲಿಂದ ಬಂತು? ಇನ್ನೊಂದು ಮಾತು. ಆಫ್ಟರ್ ಒಂದೇ ಸಲ ಕರೆಯುತ್ತದೆ. ಮತ್ತೆ ಬೇಕಿದ್ದರೆ ಆ ಫಂಕ್ಷನ್ ಒಳಗೇ ಇನ್ನೊಂದು ಆಫ್ಟರ್ ಇರಲಿ.

ಎಳೆದು ಬಿಟ್ಟು ವಿಂಡೋ ಕಟ್ಟುವ ಟೂಲ್‌ಗಳು ಕಲಿಯುವವರಿಗೆ ಬೇಡ. ಅವು ಸುರಿಯುವ ಕೋಡಿನಲ್ಲಿ ತಪ್ಪು ಹುಡುಕುವುದೇ ಜಾಸ್ತಿ ಕೆಲಸ.

ನಿಮಗೆ ಬೇಕಿರುವುದು ಫೈಲ್ ಆರಿಸುವ ಡಬ್ಬಿ ಮಾತ್ರವೇ? ಹಾಗಿದ್ದರೆ ಮೇನ್‌ಲೂಪೂ ಬೇಡ. ರೂಟ್ ವಿಂಡೋವನ್ನು ವಿತ್‌ಡ್ರಾ ಮಾಡಿ, ಅಂದರೆ ಮರೆಮಾಡಿ, ಇಲ್ಲವಾದರೆ ಖಾಲಿ ವಿಂಡೋವೊಂದು ಪಕ್ಕದಲ್ಲಿ ಬಂದು ಕೂರುತ್ತದೆ. ಆಮೇಲೆ ಫೈಲ್‌ಡೈಲಾಗ್ ಕರೆಯಿರಿ. ಬಳಸುವವರು ಕ್ಯಾನ್ಸಲ್ ಒತ್ತಿದರೆ ಖಾಲಿ ಉತ್ತರ ಬರುತ್ತದೆ. ಫೈಲ್ ತೆರೆಯುವ ಮುಂಚೆ ಅದನ್ನೊಮ್ಮೆ ನೋಡಿಕೊಳ್ಳಿ.