ಗೋಡೌನ್ ನೆಲಕ್ಕೆ ಪವರ್ ಟ್ರೋವೆಲ್: ಮಷೀನ್ ಇಳಿಸುವ ಹೊತ್ತು

ಮಂಡ್ಯ ಕಡೆ ರೈಸ್ ಮಿಲ್ಲಿನ ನೆಲ ಹಪ್ಪಳದಂತೆ ಎದ್ದರೆ ಎಲ್ಲರೂ ಸಿಮೆಂಟನ್ನು ಬೈಯುತ್ತಾರೆ. ಮೊದಲು ಕೇಳಬೇಕಾದ್ದು ಪವರ್ ಟ್ರೋವೆಲ್, ಅಂದರೆ ತಿರುಗುವ ಬ್ಲೇಡಿನಿಂದ ಹಸಿ ಕಾಂಕ್ರೀಟ್ ಉಜ್ಜಿ ನುಣುಪು ಮಾಡುವ ಮಷೀನ್, ಯಾವಾಗ ಇಳಿಯಿತು ಅಂತ. ಕಾಂಕ್ರೀಟಿನೊಳಗಿನ ನೀರು ಮೇಲೆ ಬಂದು ಮುಗಿಯುವ ಮೊದಲೇ ಮೈ ಮುಚ್ಚಿದರೆ ನೀರು, ಗಾಳಿ ಪದರದ ಕೆಳಗೇ ಸಿಕ್ಕಿಕೊಳ್ಳುತ್ತವೆ. ಮೊದಲು ಗುಳ್ಳೆ, ಆಮೇಲೆ ಸಿಪ್ಪೆ.

ಸ್ಕ್ರೀಡ್ (ಕಾಂಕ್ರೀಟ್ ಮಟ್ಟ ಮಾಡುವ ಪಟ್ಟಿ) ಎಳೆದ ಮೇಲೆ ನೀರಿನ ಹೊಳಪು ಆರಲಿ. ಬಳಿಕ ಬೂಟುಗಾಲು ಊರಿ ನೋಡಿ. ಹೆಜ್ಜೆ 3ರಿಂದ 6 ಮಿ.ಮೀ. ಇಳಿದರೆ ಹದ ಬಂದಿದೆ. ಅದಕ್ಕಿಂತ ಹೆಚ್ಚು ಇಳಿದರೆ ಕಾಯಿರಿ. ಗಡಿಯಾರ ನೋಡಿ ಲೆಕ್ಕ ಹಾಕಬೇಡಿ. ಶಟರ್ ಪಕ್ಕ ಗಾಳಿ ಹೊಡೆಯುವ ಜಾಗ ಬೇಗ ಬಿಗಿಯುತ್ತದೆ, ಮೂಲೆ ತಡ ಮಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ಕೆಳಗೆ ಮೆತ್ತಗಿರುತ್ತದೆ. ಅದಕ್ಕೇ ನಾಲ್ಕೈದು ಕಡೆ ಕಾಲಿಟ್ಟು ನೋಡಬೇಕು. ಗೋಡೆ, ಕಂಬದ ಬುಡವನ್ನು ಮೊದಲೇ ಕರಣೆಯಲ್ಲಿ ಉಜ್ಜಿಬಿಡಿ.

ಮೊದಲ ಸುತ್ತು ಪ್ಯಾನ್ (ದುಂಡನೆ ತಟ್ಟೆ) ಅಥವಾ ಫ್ಲೋಟ್ ಬ್ಲೇಡ್ (ಅಗಲ ಬ್ಲೇಡ್), ಪೂರಾ ಚಪ್ಪಟೆ. ಆಮೇಲೆ ನುಣುಪು ಕೊಡುವ ಫಿನಿಶ್ ಬ್ಲೇಡ್. ಮೈ ಬಿಗಿದಷ್ಟೂ ಬ್ಲೇಡಿನ ಓರೆಯನ್ನು ಸುತ್ತಿಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಲೇ ಎತ್ತಿದರೆ ಅಲೆಅಲೆ ಗುರುತು ಉಳಿಯುತ್ತದೆ. ಪ್ರತಿ ಪಟ್ಟಿ ಹಿಂದಿನದರ ಅರ್ಧ ಮೇಲೆ ಬರಲಿ. ಮುಂದಿನ ಸುತ್ತು ಅದಕ್ಕೆ ಅಡ್ಡಡ್ಡ. ಹಿಂದಕ್ಕೆ ನಡೆಯುತ್ತಾ ಬಂದರೆ ನಿಮ್ಮ ಹೆಜ್ಜೆ ಅಳಿಸಿಹೋಗುತ್ತದೆ. ಮಾಮೂಲಿ ನಡೆಸುವ ಮಷೀನಿನಲ್ಲಿ ಹ್ಯಾಂಡಲ್ ಎತ್ತಿದರೆ ಎಡಕ್ಕೆ, ಒತ್ತಿದರೆ ಬಲಕ್ಕೆ ಸರಿಯುತ್ತದೆ. ತೋಳಿನ ಬಲದಲ್ಲಿ ಎಳೆದಾಡಬೇಕಿಲ್ಲ. ಗುಳ್ಳೆ ಕಂಡರೆ ಓರೆ ಇಳಿಸಿ, ಆ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ. ಗಟ್ಟಿಯಾದ ಮೇಲೂ ಉಜ್ಜುತ್ತಲೇ ಇದ್ದರೆ ಕಪ್ಪು ಕಲೆ ಬೀಳುತ್ತದೆ. ಪೆಟ್ರೋಲ್ ಮಷೀನಾದರೆ ಶಟರ್ ಪೂರಾ ತೆರೆದಿರಲಿ, ಹೊಗೆ ಪ್ರಾಣ ತೆಗೆಯುತ್ತದೆ.

ಬ್ಲೇಡ್ ಜಾರಲಿ ಅಂತ ನೀರು ಚಿಮುಕಿಸುವುದು, ನೀರು ಹೀರಲಿ ಅಂತ ಒಣ ಸಿಮೆಂಟ್ ಉದುರಿಸುವುದು, ಎರಡೂ ನಮ್ಮ ಕಡೆಯ ಹಳೇ ಚಾಳಿ. ನೀರು ಚಿಮುಕಿಸಿದ ನೆಲ ಧೂಳು ಬಿಡುತ್ತದೆ, ಸಿಮೆಂಟ್ ಉದುರಿಸಿದ್ದು ಸಿಪ್ಪೆ ಏಳುತ್ತದೆ.

ಅಂಚು ಕಿತ್ತುಬರದಷ್ಟು ಗಟ್ಟಿಯಾದ ಕೂಡಲೇ ಜಾಯಿಂಟ್ (ಬಿರುಕು ಅಡ್ಡಾದಿಡ್ಡಿ ಬೀಳದಂತೆ ಕೊಯ್ಯುವ ಗೀರು) ಕತ್ತರಿಸಿ, ಸ್ಲ್ಯಾಬಿನ ದಪ್ಪದ ಕಾಲು ಭಾಗ ಆಳಕ್ಕೆ. 150 ಮಿ.ಮೀ. ನೆಲಕ್ಕೆ 4ರಿಂದ 4.5 ಮೀಟರಿಗೊಂದು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಒಪಿಸಿಗೆ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್) ಕನಿಷ್ಠ 7 ದಿನ, ಪಿಪಿಸಿಗೆ (ಪೊಜ಼ೊಲಾನಾ ಬೆರೆಸಿದ ಸಿಮೆಂಟ್) 10 ದಿನ ಕ್ಯೂರಿಂಗ್, ಅಂದರೆ ನೆಲ ಒದ್ದೆಯಾಗಿಡುವುದು. ಬಿರುಬಿಸಿಲಲ್ಲಿ 10 ಮತ್ತು 14. ಒದ್ದೆ ಗೋಣಿಚೀಲ ಸಾಕು, ನಡುವೆ ಒಣಗಲು ಬಿಡಬಾರದಷ್ಟೇ.